ಸರ್ಕಾರದ ಸಹಾಯಧನ, ಶ್ರೀಸಭೆಯ ಸೇವೆ: ಒಂದು ಚಾರಿತ್ರಿಕ ನೋಟ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಹಿರಿಯರು ಕಟ್ಟಿದ ದೇವಾಲಯವನ್ನು ಸ್ಮರಿಸುವಂತೆಯೇ, ದೇವಾಲಯದ ಹೊರಗೆ ಶ್ರೀಸಭೆಯೂ ಸರ್ಕಾರವೂ ಕೂಡಿ ಈ ನಗರಕ್ಕೆ ಸಲ್ಲಿಸಿದ ಸೇವೆಯನ್ನು ಸ್ಮರಿಸುವುದೂ ಯುಕ್ತವಾಗಿದೆ.

1854ನೆಯ ಇಸವಿಯಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಆಗಮಿಸಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಅದೇ ವರ್ಷ ಸರ್ ಚಾರ್ಲ್ಸ್ ವುಡ್ ಅವರ ಶಿಕ್ಷಣ ನಿರೂಪವೂ ಹೊರಟಿತು. ಸಕಲ ಶಾಲೆಗಳನ್ನೂ ಸರ್ಕಾರವೇ ನಡೆಸಲಾರದು. ಆದುದರಿಂದ ಖಾಸಗಿ ಶಾಲೆಗಳಿಗೆ ಸಹಾಯಧನ ನೀಡತಕ್ಕದ್ದು, ಅವು ಸರ್ಕಾರದ ತನಿಖೆಗೆ ಒಳಪಡತಕ್ಕದ್ದು ಎಂಬುದು ಅದರ ತಿರುಳು. ನೆರವು ಲೌಕಿಕ ವಿದ್ಯೆಗಾಗಿ. ಮತಬೋಧನೆಯಲ್ಲಿ ಸರ್ಕಾರ ಕೈಹಾಕುವಂತಿರಲಿಲ್ಲ.

ವೈದ್ಯಸೇವೆಯಲ್ಲಿಯೂ ಇಂಥ ಸಹಕಾರ ನಡೆಯಿತು. 1882ರಲ್ಲಿ ತಾರ್ಬ್‌ನ ಸಂತ ಜೋಸೆಫರ ಸಭೆಯ ಕನ್ಯಾಸ್ತ್ರೀಯರು ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ಆಸ್ಪತ್ರೆ ಸರ್ಕಾರದ್ದು, ಆರೈಕೆಯ ಕೈಗಳು ಕನ್ಯಾಸ್ತ್ರೀಯರವು. 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಸಂತ ಮಾರ್ಥಾ ಆಸ್ಪತ್ರೆಯನ್ನು ಸ್ಥಾಪಿಸಿದರು. ಚಾಮರಾಜಪೇಟೆಯ ಬಡಾವಣೆ ರಚಿತವಾದುದು ಅನಂತರ, 1892ರಲ್ಲಿ. 1898ರ ಪ್ಲೇಗಿನ ತರುವಾಯ ಪೇಟೆಯ ಜನರು ಬಸವನಗುಡಿ, ಮಲ್ಲೇಶ್ವರಗಳಿಗೆ ಹರಡಿದರು. 1900ರಲ್ಲಿ ಕೋಟೆಯ ಬಳಿ ಮೈಸೂರು ಸಂಸ್ಥಾನದ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಹೀಗೆ ಈ ಹೊಸ ಬಡಾವಣೆಗಳ ಜನಕ್ಕೆ ಸರ್ಕಾರದ ಆಸ್ಪತ್ರೆಯೂ ಕನ್ಯಾಸ್ತ್ರೀಯರ ಆಸ್ಪತ್ರೆಯೂ ಎಟುಕಿದವು.

ಸ್ವಾತಂತ್ರ್ಯಾನಂತರ ಈ ಸಂಬಂಧಕ್ಕೆ ಸಂವಿಧಾನವೇ ಆಧಾರವಾಯಿತು. ಸಹಾಯಧನ ನೀಡುವಾಗ ಅಲ್ಪಸಂಖ್ಯಾತರ ಶಾಲೆಯೆಂದು ಭೇದವೆಣಿಸಬಾರದೆಂದು 30ನೆಯ ವಿಧಿ ಹೇಳುತ್ತದೆ. ಸಹಾಯಧನ ಪಡೆದ ಶಾಲೆಯು ಮತ, ಜಾತಿ, ಭಾಷೆಗಳ ಕಾರಣದಿಂದಲೇ ಯಾರಿಗೂ ಪ್ರವೇಶ ನಿರಾಕರಿಸಬಾರದೆಂದು 29ನೆಯ ವಿಧಿ ಹೇಳುತ್ತದೆ. ಮೊದಲನೆಯದು ನಮ್ಮ ಹಕ್ಕು. ಎರಡನೆಯದು ನಮ್ಮ ಋಣ.

2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗಗಳ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಆ ತೀರ್ಪನ್ನು ಶಂಕಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಅಂತಿಮ ನಿರ್ಣಯ ಏನೇ ಆಗಲಿ, ಕಾನೂನಿನ ವಿನಾಯಿತಿ ಅಂತಃಕರಣದ ವಿನಾಯಿತಿಯಲ್ಲ. ನಮ್ಮ ಬೀದಿಯ ಬಡ ಮಗುವಿಗೆ ನಮ್ಮ ಶಾಲೆಯ ಬಾಗಿಲು ತೆರೆದಿದೆಯೇ ಎಂಬ ಪ್ರಶ್ನೆ ನಮ್ಮದಾಗಿಯೇ ಉಳಿಯುತ್ತದೆ.

ಶುಭಸಂದೇಶದ ಸಮಾರಿಯದವನು ಗಾಯಾಳುವನ್ನು ಛತ್ರಕ್ಕೆ ಕೊಂಡೊಯ್ದು, ಛತ್ರದವನಿಗೆ ಎರಡು ನಾಣ್ಯಗಳನ್ನಿತ್ತು ಆರೈಕೆಯನ್ನು ಒಪ್ಪಿಸಿದನು. ಹಣ ಒಬ್ಬನದು, ಆರೈಕೆ ಮತ್ತೊಬ್ಬನದು. ಗಾಯಾಳುವಿನ ಕುಲವನ್ನು ಆತ ವಿಚಾರಿಸಲಿಲ್ಲ. ಮುಂದಿನ ನೂರು ವರ್ಷಗಳಿಗೆ ನಮಗೆ ಇದಕ್ಕಿಂತ ಮಿಗಿಲಾದ ಮಾರ್ಗದರ್ಶನ ಬೇಕಿಲ್ಲ.