ಕೊಪ್ಪದ ಈಶ್ವರ, ಕೋಪದ ಈಶ್ವರ: ಸಾಂಗ್ಲಿ–ಮಿರಜ ಪ್ರವಾಸಪಥದ ಭಾಷಾಚರಿತ್ರೆ

ಸಾಂಗ್ಲಿ ಮತ್ತು ಮಿರಜ ನಗರಗಳಿಗೆ ಬರುವ ಪ್ರವಾಸಿಗೆ ನೋಡತಕ್ಕ ಸ್ಥಳಗಳ ಪಟ್ಟಿಯೊಂದು ಬಹುಮಟ್ಟಿಗೆ ಸಿದ್ಧವಾಗಿದೆ: ಸಾಂಗ್ಲಿಯ ಕೃಷ್ಣಾತೀರದ ಗಣಪತಿ ಮಂದಿರ, ವಿಷ್ಣುದಾಸ ಭಾವೆಯವರ ಹೆಸರಿನ ನಾಟ್ಯಗೃಹ, ಮಿರಜದ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾ, ಸಿತಾರ್ ತಯಾರಕರ ಓಣಿ, ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬವಾಡಿ, ಕೊನೆಗೆ ಖಿದ್ರಾಪುರದ ಶಿಲಾದೇವಾಲಯ. ಇಂಥ ಪಟ್ಟಿಗಳಲ್ಲಿ ಈ ಸ್ಥಳಗಳು ಒಂದಕ್ಕೊಂದು ಸಂಬಂಧವಿಲ್ಲದ ನೋಟಗಳಾಗಿ ನಿಲ್ಲುತ್ತವೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇವೆಲ್ಲವೂ ಒಂದೇ ದ್ವಿಭಾಷಿಕ ಪ್ರದೇಶದ ನಿರ್ಮಿತಿಗಳು. ಆ ಎರಡು ಭಾಷೆಗಳಲ್ಲಿ ಒಂದನ್ನು ಓದುವವರು ಇಲ್ಲವಾದಾಗ ಸ್ಥಳದ ಅರ್ಥವೇ ಬದಲಾಗುತ್ತದೆ ಎಂಬುದಕ್ಕೆ ಖಿದ್ರಾಪುರದ ದೇವರ ಹೆಸರು ಉತ್ತಮ ನಿದರ್ಶನ.

ಖಿದ್ರಾಪುರ ಇಂದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದ, ಕೃಷ್ಣೆಯ ದಡದ ಸಣ್ಣ ಹಳ್ಳಿ. ಮಿರಜದಿಂದ ಅಲ್ಲಿಗೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಕೋಪೇಶ್ವರ ದೇವಾಲಯ 12ನೇ ಶತಮಾನದ ಶಿಲಾಹಾರರ ಕಾಲದ ರಚನೆಯೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ಮುಂಭಾಗದ ಸ್ವರ್ಗಮಂಟಪಕ್ಕೆ 48 ಕಂಬಗಳಿದ್ದು, ಅದರ ಛಾವಣಿ ನಡುವೆ ವೃತ್ತಾಕಾರವಾಗಿ ಆಕಾಶಕ್ಕೆ ತೆರೆದುಕೊಂಡಿದೆ. ಆ ತೆರವಿನ ನೇರ ಕೆಳಗೆ ನೆಲದಲ್ಲಿ ವೃತ್ತಾಕಾರದ ಶಿಲಾಫಲಕವಿದೆ. ಹೊರಗೋಡೆಯ ಬುಡದಲ್ಲಿ ಸಾಲುಸಾಲಾಗಿ ನಿಂತ ಆನೆಗಳು ಕಟ್ಟಡದ ಭಾರವನ್ನು ಹೊತ್ತಂತೆ ಕಾಣುತ್ತವೆ. ಗ್ರಾಮದಲ್ಲಿ ಆದಿನಾಥ ಬಸದಿಯೂ ಇದೆ. ಶೈವ ದೇವಾಲಯ ಮತ್ತು ಜೈನ ಬಸದಿ ಒಂದೇ ಊರಿನಲ್ಲಿರುವುದು ಶಿಲಾಹಾರ ನಾಡಿನ ಧಾರ್ಮಿಕ ಬದುಕಿಗೆ ಸಹಜವಾಗಿತ್ತು.

ದೇವಾಲಯದ ಒಳಹೊರಗೆ ಹತ್ತಾರು ಶಾಸನಗಳಿವೆ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವು ಕನ್ನಡದವು, ಹಲವು ಸವೆದುಹೋಗಿವೆ. ದಕ್ಷಿಣ ದ್ವಾರದ ಬಳಿಯ ಹೊರಗೋಡೆಯಲ್ಲಿರುವ ನಾಗರಿ ಲಿಪಿಯ ಸಂಸ್ಕೃತ ಶಾಸನ ದೇವಗಿರಿಯ ಯಾದವ ಸಿಂಘಣನದು. 13ನೇ ಶತಮಾನದ ಆರಂಭದ ಈ ಶಾಸನ ಮಿರಿಂಜಿ ದೇಶದ ಗ್ರಾಮವೊಂದನ್ನು ದೇವರಿಗೆ ದತ್ತಿಯಾಗಿ ನೀಡಿದ್ದನ್ನು ದಾಖಲಿಸುತ್ತದೆ. ಮಿರಿಂಜೆ ಎಂಬುದು ಇಂದಿನ ಮಿರಜ. ಮಿರಿಂಜೆ ಮೂರುಸಾವಿರ ಎಂಬ ಆಡಳಿತ ವಿಭಾಗವಾಗಿ ಅದು ಶಾಸನಗಳಲ್ಲಿ ಪ್ರಸಿದ್ಧ. ವಿಜಯಾದಿತ್ಯನ ಕಾಲದ ಮಿರಜದ ಶಾಸನದಲ್ಲಿ ವೀರಬಣಂಜ ವರ್ತಕರ ಸಂಘದ ಉಲ್ಲೇಖವಿದೆ. ಕರ್ಣಪಾರ್ಯನು ‘ನೇಮಿನಾಥ ಪುರಾಣ’ವನ್ನು ಬರೆದದ್ದು ಅದೇ ವಿಜಯಾದಿತ್ಯನ ಮಂತ್ರಿಯ ಆಶ್ರಯದಲ್ಲಿ. ಅಂದರೆ ದತ್ತಿ, ವ್ಯಾಪಾರ, ಕಾವ್ಯ ಮೂರಕ್ಕೂ ಕನ್ನಡ ಒದಗುತ್ತಿದ್ದ ನಾಡು ಇದು.

ಸ್ಥಳಪುರಾಣ ಹೇಳುವ ಕಥೆ ಬೇರೆ. ದಕ್ಷಯಜ್ಞಕ್ಕೆ ಸತಿ ನಂದಿಯನ್ನೇರಿ ಹೋಗಿ ಅಗ್ನಿಗೆ ಆಹುತಿಯಾದಳು. ಶಿವ ಕೋಪಗೊಂಡು ಇಲ್ಲಿ ನೆಲೆಸಿದ. ವಿಷ್ಣು ಧೋಪೇಶ್ವರನಾಗಿ ಬಂದು ಅವನನ್ನು ಶಾಂತಗೊಳಿಸಿದ. ಗರ್ಭಗೃಹದಲ್ಲಿ ಎರಡು ಲಿಂಗಗಳಿರುವುದಕ್ಕೂ, ಎದುರಿಗೆ ನಂದಿ ಇಲ್ಲದಿರುವುದಕ್ಕೂ ಇದೇ ಕಾರಣವೆನ್ನಲಾಗುತ್ತದೆ. ಆ ನಂದಿ ಇರುವುದು ಬೆಳಗಾವಿ ಜಿಲ್ಲೆಯ ಯಡೂರಿನಲ್ಲಿ ಎಂಬುದು ಜನರ ನಂಬಿಕೆ. ಹೀಗೆ ದೇವರು ಮಹಾರಾಷ್ಟ್ರದಲ್ಲಿ, ವಾಹನ ಕರ್ನಾಟಕದಲ್ಲಿ. ಭಕ್ತರು ಎರಡೂ ಕಡೆಗೆ ಹೋಗುತ್ತಾರೆ.

ಕಥೆ ಸುಂದರವಾದದ್ದು. ಆದರೆ ಹಳೆಯ ದಾಖಲೆಗಳ ರೂಪ ‘ಕೊಪ್ಪೇಶ್ವರ’; ಊರಿನ ಹಳೆಯ ಹೆಸರು ಕೊಪ್ಪ ಎಂದೇ ವಿದ್ವಾಂಸರು ಊಹಿಸಿದ್ದಾರೆ. 1054ರಲ್ಲಿ ಚೋಳ ರಾಜಾಧಿರಾಜನು ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನೊಡನೆ ಹೋರಾಡಿ ಮಡಿದ ಕೊಪ್ಪಂ ಇದೇ ಎಂದು ಜೆ. ಎಫ್. ಫ್ಲೀಟ್ ಗುರುತಿಸಿದರೆ, ಅದು ಕೊಪ್ಪಳವೆಂದು ವಾದಿಸಿದವರೂ ಇದ್ದಾರೆ. ಯುದ್ಧಭೂಮಿ ಯಾವುದೇ ಆಗಿರಲಿ, ‘ಕೊಪ್ಪ’ ಎಂದರೆ ಕನ್ನಡದಲ್ಲಿ ಸಣ್ಣ ಹಳ್ಳಿ. ಧಾರವಾಡದಿಂದ ಮಲೆನಾಡಿನವರೆಗೆ ಅಸಂಖ್ಯ ಊರುಗಳ ಹೆಸರಿನಲ್ಲಿ ಅದು ಉಳಿದಿದೆ. ಕೊಪ್ಪದ ಈಶ್ವರ ಕೊಪ್ಪೇಶ್ವರನಾಗಿರುವುದು ಸಹಜ. ದ್ವಿತ್ವ ಸಡಿಲಗೊಂಡು ‘ಕೋಪೇಶ್ವರ’ವಾದ ಮೇಲೆ ಆ ಶಬ್ದಕ್ಕೆ ಹೊಸ ಅರ್ಥ ಬೇಕಾಯಿತು; ಸಂಸ್ಕೃತದ ಕೋಪ ಆ ಸ್ಥಾನವನ್ನು ತುಂಬಿತು. ಈ ನಿಷ್ಪತ್ತಿಯನ್ನು ಒಪ್ಪುವುದಾದರೆ, ಒಂದು ಒತ್ತಕ್ಷರದ ಲೋಪದಿಂದ ಒಂದು ಪುರಾಣವೇ ಇಲ್ಲಿ ನೆಲೆಯೂರಿದೆ ಎನ್ನಬೇಕು. ಇದರಿಂದ ಪುರಾಣ ಸುಳ್ಳಾಗುವುದಿಲ್ಲ. ಭಾಷಾಪಲ್ಲಟದ ನಂತರ ಸಮುದಾಯವೊಂದು ತನ್ನ ದೇವರನ್ನು ಮತ್ತೆ ಅರ್ಥಮಾಡಿಕೊಂಡ ಬಗೆಗೆ ಅದು ಸಾಕ್ಷಿ.

ಇದೇ ಕಾಲದ ಕಾಂಬೋಡಿಯಾದೊಡನೆ ಹೋಲಿಸಿದರೆ ಈ ಪ್ರಕ್ರಿಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಿಯೆಮ್ ರೀಪ್ ನಗರದ ಬಳಿಯ ಅಂಗ್ಕೋರ್ ವಾಟ್ ಕೂಡ 12ನೇ ಶತಮಾನದ್ದು. ಖ್ಮೇರ್ ದೇವಾಲಯಗಳಲ್ಲಿ ಸಂಸ್ಕೃತ ಪ್ರಶಸ್ತಿಗೂ, ಖ್ಮೇರ್ ಭೂಮಿ ಮತ್ತು ಸೇವಕರ ವಿವರಗಳಿಗೂ ಬಳಕೆಯಾದವು. ಕನ್ನಡವಾದರೋ ದತ್ತಿಯ ವಿವರದ ಜೊತೆಗೆ ಕಾವ್ಯಭಾಷೆಯ ಸ್ಥಾನವನ್ನೂ ಗಳಿಸಿತ್ತು ಎಂಬ ವ್ಯತ್ಯಾಸವನ್ನು ಷೆಲ್ಡನ್ ಪೊಲಾಕ್ ಚರ್ಚಿಸಿದ್ದಾರೆ. ಮುಂದಿನ ಗತಿ ಮಾತ್ರ ತಿರುವುಮುರುವು. ‘ಅಂಗ್ಕೋರ್’ ಎಂಬುದು ಸಂಸ್ಕೃತದ ‘ನಗರ’ ಖ್ಮೇರ್ ಬಾಯಲ್ಲಿ ಪಡೆದ ರೂಪ; ಕೋಪೇಶ್ವರ ಎಂಬುದು ಕನ್ನಡದ ಕೊಪ್ಪ ಪಡೆದ ಸಂಸ್ಕೃತ ರೂಪ. ಅಂಗ್ಕೋರಿನ ಸುತ್ತ ಇಂದಿಗೂ ಖ್ಮೇರ್ ನಾಡಭಾಷೆ; ಖಿದ್ರಾಪುರದ ಕಲ್ಲಿನ ಭಾಷೆ ಅಲ್ಲಿನ ಆಡಳಿತದ ಭಾಷೆಯಲ್ಲ.

ಕಲ್ಲಿನ ಮೇಲೆ ಓದುಗರನ್ನು ಕಳೆದುಕೊಂಡ ಕನ್ನಡ ನಗರದೊಳಗೆ ಬೇರೆ ದಾರಿಗಳಿಂದ ಬಂದಿತು. ಪಟವರ್ಧನರ ಸಾಂಗ್ಲಿ ಸಂಸ್ಥಾನಕ್ಕೆ ಶಹಾಪುರ, ತೇರದಾಳ, ಶಿರಹಟ್ಟಿಗಳು ಸೇರಿದ್ದವು. ಬಿಜ್ಜಳನ ಮಂಗಳವೇಢೆಯೂ ಅದರದೇ. ಹಿರಿಯ ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರ, ಅಂದರೆ ‘ಕವಿರಾಜಮಾರ್ಗ’ ಕನ್ನಡದ ತಿರುಳೆಂದು ಗುರುತಿಸಿದ ಪ್ರದೇಶದ ಪುಲಿಗೆರೆ, ಸೇರಿತ್ತು. ಅರಮನೆ ಮರಾಠಿಯದಾದರೂ ಪ್ರಜೆಗಳಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದರು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗ್ಲಿಯಲ್ಲಿ ಆಟ ಆಡಿತು. ಅದನ್ನು ಕಂಡ ದೊರೆ ಚಿಂತಾಮಣರಾವ್ ಮರಾಠಿಯಲ್ಲಿ ಅಂಥದೊಂದನ್ನು ರಚಿಸಲು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ನವೆಂಬರ್ 5ರಂದು ‘ಸೀತಾಸ್ವಯಂವರ’ ರಂಗಕ್ಕೇರಿತು. ಆ ದಿನವನ್ನು ಮರಾಠಿ ರಂಗಭೂಮಿ ದಿನವಾಗಿ ಆಚರಿಸಲಾಗುತ್ತಿದೆ.

ಸಂಗೀತದಲ್ಲಿ ಕೊಡುಕೊಳ್ಳುವಿಕೆ ಎದುರು ದಿಕ್ಕಿನಲ್ಲಿ ನಡೆಯಿತು. ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯ ನೀಲಕಂಠಬುವಾ ಅವರಲ್ಲಿ ಕಲಿಯಲು ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಮಿರಜಕ್ಕೆ ಬಂದರು. ಕೈರಾನಾದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡಾಗ ದರ್ಗಾದ ಆವರಣದಲ್ಲೇ ಸಮಾಧಿಯಾದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಯನ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಒಲಿಯಿತು. ದರ್ಗಾದ ಉರುಸಿನ ಸಂಗೀತೋತ್ಸವ, 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಿರಜದ ಸಿತಾರ್ ಮತ್ತು ತಂಬೂರಿ — ಇವುಗಳ ಕೇಳುಗರೂ ಕೊಳ್ಳುವವರೂ ಹಿಂದಿನಿಂದ ಗಡಿಯ ಎರಡೂ ಬದಿಯವರು. 1894ರಲ್ಲಿ ವಿಲಿಯಂ ವಾನ್ಲೆಸ್ ಆರಂಭಿಸಿದ ಆಸ್ಪತ್ರೆಗೆ ಅಥಣಿ, ಜಮಖಂಡಿಗಳ ರೋಗಿಗಳು ಬಂದಂತೆಯೇ ಹಾಡು ಕಲಿಯುವವರೂ ಬಂದರು.

1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು; 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಸೇರಿತು. ಗಡಿಯ ವಾದದಲ್ಲಿ ಎರಡೂ ಪಕ್ಷಗಳು ಶಾಸನಗಳನ್ನು ಹಕ್ಕುಪತ್ರಗಳಂತೆ ಮುಂದಿಟ್ಟಿವೆ. 12ನೇ ಶತಮಾನದ ದತ್ತಿಯೊಂದರಿಂದ ಇಂದಿನ ರಾಜ್ಯದ ಎಲ್ಲೆಯನ್ನು ಸಾಧಿಸಲಾಗದು. ಆದರೆ ಈ ವಾದಕ್ಕೆ ಅಂಜಿ ಕನ್ನಡದ ಪದರವನ್ನು ಹೇಳದೆ ಬಿಡುವುದು ಕೂಡ ಚರಿತ್ರೆಗೆ ಎಸಗುವ ಅನ್ಯಾಯವೇ. ಸಿಂಘಣನ ಸಂಸ್ಕೃತ ಶಾಸನವನ್ನು ಮಾತ್ರ ವಿವರಿಸುವ ಮಾರ್ಗದರ್ಶಿ ದೇವಾಲಯದ ಬಹುಪಾಲು ಬರಹವನ್ನೇ ಬಿಟ್ಟಂತಾಗುತ್ತದೆ.

ಇದಕ್ಕೆ ಬೇಕಾದ ಜನ ದೂರದಲ್ಲಿಲ್ಲ. ಸಾಂಗ್ಲಿ ಜಿಲ್ಲೆಯದೇ ಆದ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿನ ಶಿಕ್ಷಕರಿಗೂ ಹಿರಿಯ ವಿದ್ಯಾರ್ಥಿಗಳಿಗೂ ಎರಡೂ ಭಾಷೆಗಳು ಬರುತ್ತವೆ. ಹಳಗನ್ನಡ ಲಿಪಿಯ ಓದಿನಲ್ಲಿ ಅವರಿಗೆ ತರಬೇತಿ ದೊರೆತರೆ, ಸವೆಯುತ್ತಿರುವ ಶಾಸನಗಳ ಪಡಿಯಚ್ಚು, ಪಾಠ, ಮರಾಠಿ ಅನುವಾದಗಳನ್ನು ಸ್ಥಳೀಯವಾಗಿಯೇ ಸಿದ್ಧಪಡಿಸಬಹುದು. ಆಗ ಖಿದ್ರಾಪುರಕ್ಕೆ ಹೋದ ಪ್ರವಾಸಿಗೆ ಕೋಪಗೊಂಡ ಶಿವನ ಕಥೆಯ ಜೊತೆಗೆ ಕೊಪ್ಪವೆಂಬ ಹಳ್ಳಿಯ ಕಥೆಯೂ ಮರಾಠಿಯಲ್ಲಿಯೇ ಕೇಳಲು ಸಿಕ್ಕೀತು.