ಶರ್ಕರಪಿಷ್ಟ ಕಡಿಮೆಯಿರುವ ಆಹಾರಕ್ರಮದಲ್ಲಿ ಗ್ಲುಕೋಸ್ ಮತ್ತು ಕೀಟೋನ್‌ಗಳ ಸಹಾವಸ್ಥಾನ

ಕಾರ್ಬೋಹೈಡ್ರೇಟ್ ಎಂದೇ ಹೆಚ್ಚು ಪರಿಚಿತವಾದ ಶರ್ಕರಪಿಷ್ಟವನ್ನು ದಿನಕ್ಕೆ 50 ಗ್ರಾಮಿಗಿಂತ ಕೆಳಗಿಳಿಸಿದ ಆರೋಗ್ಯವಂತರಲ್ಲಿ, ಯಕೃತ್ತು ಕೊಬ್ಬಿನಾಮ್ಲಗಳನ್ನು ಒಡೆದು ತಯಾರಿಸುವ ಕೀಟೋನ್‌ಗಳು ಕೆಲವೇ ದಿನಗಳಲ್ಲಿ ರಕ್ತದಲ್ಲಿ ಲೀಟರಿಗೆ 0.5ರಿಂದ 3 ಮಿಲಿಮೋಲ್‌ವರೆಗೆ ಏರುತ್ತವೆಯಾದರೂ, ಗ್ಲುಕೋಸ್ ಮಾತ್ರ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಮಿನ ಆಸುಪಾಸಿನಲ್ಲೇ ಉಳಿಯುತ್ತದೆ. ಸಕ್ಕರೆ ಮುಗಿದ ಮೇಲಷ್ಟೇ ಕೊಬ್ಬು ಉರಿಯತೊಡಗುತ್ತದೆ ಎಂಬ ಜನಪ್ರಿಯ ವಿವರಣೆಗೆ ಈ ಅಂಕಿಗಳು ಒಗ್ಗುವುದಿಲ್ಲ.

ಕೀಟೋನ್ ಉತ್ಪಾದನೆಯನ್ನು ನಿರ್ಧರಿಸುವುದು ಮುಖ್ಯವಾಗಿ ಇನ್ಸುಲಿನ್ ಹಾಗೂ ಅದಕ್ಕೆ ವಿರುದ್ಧವಾಗಿ ವರ್ತಿಸುವ ಗ್ಲುಕಗಾನ್ ಹಾರ್ಮೋನುಗಳ ಪರಸ್ಪರ ಪ್ರಮಾಣವೇ ಹೊರತು ರಕ್ತದ ಗ್ಲುಕೋಸ್ ಮಟ್ಟವಲ್ಲ. ಇನ್ಸುಲಿನ್ ತಗ್ಗಿದಾಗ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ಹೊರಬರುತ್ತವೆ. ಅವು ಯಕೃತ್ಕೋಶದ ಮೈಟೊಕಾಂಡ್ರಿಯವನ್ನು ಹೊಗದಂತೆ ತಡೆಯುವ ಮಲೋನಿಲ್-ಕೋಎ ಎಂಬ ಸಂಯುಕ್ತವೂ ಆಗ ಕ್ಷೀಣಿಸುತ್ತದೆ. ಗಮನಾರ್ಹವೆಂದರೆ, ಲ್ಯಾಕ್ಟೇಟ್, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸದಾಗಿ ಗ್ಲುಕೋಸ್ ಕಟ್ಟುವಂತೆ ಯಕೃತ್ತನ್ನು ಪ್ರೇರೇಪಿಸುವುದೂ ಇದೇ ಹಾರ್ಮೋನು ಸ್ಥಿತಿ. ಹೀಗೆ ಎರಡು ಇಂಧನಗಳೂ ಒಂದೇ ಸಂಕೇತದ ಫಲಗಳಾಗಿರುವುದರಿಂದ ಅವುಗಳ ಸಹಾವಸ್ಥಾನದಲ್ಲಿ ವಿರೋಧಾಭಾಸವನ್ನು ಹುಡುಕಬೇಕಾಗಿಲ್ಲ.

ಮೈಟೊಕಾಂಡ್ರಿಯವಿಲ್ಲದ ಕೆಂಪು ರಕ್ತಕಣಗಳಿಗೆ ಗ್ಲುಕೋಸ್ ಅನಿವಾರ್ಯ, ಮಿದುಳಿಗೆ ಅಷ್ಟಿಲ್ಲ. ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮಿದುಳು ಮುಖ್ಯವಾಗಿ ಕೀಟೋನ್‌ಗಳನ್ನೇ ಬಳಸುತ್ತಿತ್ತೆಂದು ಆಲಿವರ್ ಓವೆನ್, ಜಾರ್ಜ್ ಕೆಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ದೀರ್ಘ ಉಪವಾಸದ ಈ ಫಲಿತಾಂಶವನ್ನು ಕೀಟೋನ್ ಮಟ್ಟ ಇನ್ನೂ ಕೆಳಗೇ ಇರುವ ಆಹಾರಕ್ರಮಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಕೀಟೋನ್ ಬಳಕೆಯಾದಷ್ಟೂ ಗ್ಲುಕೋಸಿನ ಬೇಡಿಕೆ ತಗ್ಗಿ, ಅದಕ್ಕಾಗಿ ಸ್ನಾಯುವಿನ ಪ್ರೋಟೀನು ಕರಗುವುದೂ ಕಡಿಮೆಯಾಗುತ್ತದೆಂಬ ತತ್ತ್ವ ಎರಡರಲ್ಲೂ ನಿಲ್ಲುತ್ತದೆ.

ಕೊಬ್ಬಿನಾಮ್ಲವನ್ನು ಉರಿಸುವ ಸ್ನಾಯು ಗ್ಲುಕೋಸನ್ನು ಬದಿಗಿರಿಸುತ್ತದೆಂದು ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು 1963ರಲ್ಲೇ ಪ್ರತಿಪಾದಿಸಿದ್ದರು. ಈ ಆಹಾರದಲ್ಲಿರುವ ಕೆಲವರ ಬೆಳಗಿನ ಗ್ಲುಕೋಸ್ ತುಸು ಏರಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಇಂಥವರು ಗ್ಲುಕೋಸ್ ಸಹಿಷ್ಣುತಾ ಪರೀಕ್ಷೆಗೆ ಮುನ್ನ ಮೂರು ದಿನ ಕನಿಷ್ಠ 150 ಗ್ರಾಂ ಶರ್ಕರಪಿಷ್ಟ ಸೇವಿಸಬೇಕೆಂಬ ನಿಯಮವನ್ನು ಕಡೆಗಣಿಸಿದರೆ ಮಧುಮೇಹವೆಂಬ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ.

ಇನ್ಸುಲಿನ್ ತೀವ್ರವಾಗಿ ಕೊರತೆಯಾದಾಗ ಚಿತ್ರ ಬೇರೆ: ಎರಡೂ ಇಂಧನಗಳು ಅಂಕೆ ಮೀರಿ ರಕ್ತ ಆಮ್ಲೀಯವಾಗುತ್ತದೆ. ಆದರೆ ಮೂತ್ರದ ಮೂಲಕ ಗ್ಲುಕೋಸನ್ನು ಹೊರಹಾಕುವ ಎಸ್‌ಜಿಎಲ್‌ಟಿ-2 ವರ್ಗದ ಮಾತ್ರೆ ಸೇವಿಸುವವರಲ್ಲಿ ಗ್ಲುಕೋಸ್ ಅಷ್ಟೇನೂ ಏರದೆಯೂ ಈ ಅಪಾಯ ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು. ಇಂಥವರಲ್ಲಿ ಗ್ಲುಕೋಮೀಟರನ್ನಷ್ಟೇ ನಂಬುವಂತಿಲ್ಲ. ಮೂತ್ರಪಟ್ಟಿಯೂ ಅಸಿಟೊಅಸಿಟೇಟ್ ಎಂಬ ಕೀಟೋನನ್ನು ಮಾತ್ರ ಗುರುತಿಸುವುದರಿಂದ, ಪ್ರಧಾನ ಕೀಟೋನಾದ ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನು ರಕ್ತದಲ್ಲೇ ಅಳೆಯಬೇಕಾಗುತ್ತದೆ.