ನೀಲಗಿರಿ ಪರ್ವತ ರೈಲಿನ ಉಗಿಯಂತ್ರ ಪ್ರಯಾಣ: ಬಾಗಲಕೋಟೆ ಜಿಲ್ಲೆಯ ಪ್ರವಾಸಿಗರಿಗೆ ಮಾಹಿತಿ

ಗದಗ–ಹೊಟಗಿ ರೈಲುಮಾರ್ಗವು ಹಿಂದೆ ಮೀಟರ್ ಗೇಜ್ ಆಗಿದ್ದು, ಬಾದಾಮಿ ಮತ್ತು ಬಾಗಲಕೋಟೆ ನಿಲ್ದಾಣಗಳಲ್ಲಿ ಉಗಿಯಂತ್ರದ ರೈಲು ಹತ್ತಿದ ಹಿರಿಯರು ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ಅಂತಹ ಪ್ರಯಾಣವನ್ನು ಮತ್ತೊಮ್ಮೆ ಬಯಸುವವರಿಗೆ ತಮಿಳುನಾಡಿನ ನೀಲಗಿರಿ ಪರ್ವತ ರೈಲು ಸೂಕ್ತವಾಗಿದೆ. ಮೆಟ್ಟುಪಾಳ್ಯಂನಿಂದ ಉದಕಮಂಡಲದವರೆಗೆ (ಊಟಿ) 46 ಕಿ.ಮೀ. ಉದ್ದವಿರುವ ಈ ಮೀಟರ್ ಗೇಜ್ ಮಾರ್ಗವು 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಊಟಿಯವರೆಗೂ ಆರಂಭಗೊಂಡಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಉಗಿಯಂತ್ರವು ಮೆಟ್ಟುಪಾಳ್ಯಂ ಮತ್ತು ಕೂನೂರು ನಡುವೆ ಮಾತ್ರ ಇರುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಕಲ್ಲಾರ್ ನಂತರದ ಕಡಿದಾದ ಏರಿನಲ್ಲಿ ಯಂತ್ರದ ಹಲ್ಲುಚಕ್ರವು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಹಿಡಿದು, ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ. ಕೂನೂರಿನಿಂದ ಮೇಲಕ್ಕೆ ಡೀಸೆಲ್ ಯಂತ್ರ. ಊಟಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೂನೂರಿನವರೆಗೆ ಮಾತ್ರ ರೈಲು ಹತ್ತಿದವರಿಗೆ ಉಗಿಯಂತ್ರದ ಪ್ರಯಾಣ ದೊರೆಯುವುದಿಲ್ಲ.

ಮೆಟ್ಟುಪಾಳ್ಯಂನಿಂದ ರೈಲು ಬೆಳಿಗ್ಗೆ 7ರ ಸುಮಾರಿಗೆ ಹೊರಡುತ್ತದೆ. ಕಲಾದಗಿ, ಹುನಗುಂದ, ಇಳಕಲ್ಲ ಭಾಗದವರು ಬಸ್ಸಿನಲ್ಲಿ ಬಾಗಲಕೋಟೆ ಅಥವಾ ಬಾದಾಮಿಗೆ ಬಂದು, ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಮರುದಿನ ಬೆಂಗಳೂರು ತಲುಪಬಹುದು. ಅಲ್ಲಿಂದ ಕೊಯಮತ್ತೂರಿಗೆ ಹೋಗಿ ರಾತ್ರಿ ತಂಗುವುದು ಅನಿವಾರ್ಯ. ಚೆನ್ನೈನಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ ಕೊಯಮತ್ತೂರಿನಿಂದ ನಸುಕಿನಲ್ಲಿ ಹೊರಟು ಪರ್ವತ ರೈಲಿಗೆ ಸಂಪರ್ಕ ಒದಗಿಸುತ್ತದೆ.

2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 60 ದಿನ. ಆಯಾ ರೈಲಿನ ದಿನಾಂಕದಿಂದ ಲೆಕ್ಕ ಹಾಕುವುದರಿಂದ ಬಾಗಲಕೋಟೆಯಿಂದ ಹೊರಡುವ ಟಿಕೆಟ್ ಎರಡು ದಿನ ಮೊದಲೇ ದೊರೆಯುತ್ತದೆ. ಆದರೂ ಪರ್ವತ ರೈಲಿನ ಆಸನ ಖಚಿತವಾದ ಮೇಲೆಯೇ ಉಳಿದ ಟಿಕೆಟ್‌ಗಳನ್ನು ಪಡೆಯುವುದು ಲೇಸು. ಆಸನಗಳು ಕಡಿಮೆ, ಬೇಡಿಕೆ ಹೆಚ್ಚು. ನಿರೀಕ್ಷಣಾ ಪಟ್ಟಿಯಲ್ಲಿಯೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಅಷ್ಟರಲ್ಲಿ ಕುಟುಂಬವು ಕೊಯಮತ್ತೂರಿನಲ್ಲಿ ಇದ್ದರೆ ಖರ್ಚೆಲ್ಲ ವ್ಯರ್ಥ.

ರೈಲು ಮಧ್ಯಾಹ್ನದ ಹೊತ್ತಿಗೆ ಊಟಿ ಮುಟ್ಟುತ್ತದೆ. ಮೈಸೂರಿಗೆ ಬಸ್ಸುಗಳಿವೆ. ಬಂಡೀಪುರ ಅರಣ್ಯದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧವಿರುವುದರಿಂದ ಬೇಗ ಹೊರಡುವುದು ಉಚಿತ. ಅದೇ ದಿನ ಮೈಸೂರಿನಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಬಹುದೆಂದು ಎಣಿಸದೆ, ಮರುದಿನದ ಟಿಕೆಟ್ ಪಡೆಯುವುದು ಸೂಕ್ತ. ಸ್ವಂತ ವಾಹನದಲ್ಲಿ ನೀಲಗಿರಿ ಪ್ರವೇಶಿಸುವವರಿಗೆ ಇ-ಪಾಸ್ ಪದ್ಧತಿ 2024ರ ಮೇ 7ರಂದು ಜಾರಿಗೆ ಬಂದಿದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ಹಳಿಯ ಮೇಲೆ ಮಣ್ಣು ಕುಸಿದು ಸಂಚಾರ ರದ್ದಾಗುವುದು ಅಪರೂಪವಲ್ಲ. ಆ ತಿಂಗಳುಗಳಲ್ಲಿ ಪ್ರಯಾಣಿಸುವವರು ಊರಿನಿಂದ ಹೊರಡುವ ಮುನ್ನ ರೈಲ್ವೆ ವಿಚಾರಣಾ ದೂರವಾಣಿ 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳತಕ್ಕದ್ದು.